ಸೂಜಿಕಿವಿಗೆ ಕೇಳದ ಸದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಅವನನ್ನು ಎಲ್ಲರೂ ಸೂಜಿಕಿವಿ ಅಂತಲೇ ಕರೆಯುತ್ತಿದ್ದರು. ಪ್ರಾಯದಲ್ಲಿದ್ದಾಗ ಯಾವುದೋ ಸಭಾಂಗಣದಲ್ಲಿ ಭಾಷಣ ನಡೆಯುತ್ತಿದ್ದಾಗ, ಹಿಂದಿನ ಬಾಗಿಲಲ್ಲಿ ನಿಂತುಕೊಂಡೇ, “ಎಡಗಡೆ ಕಂಬದ ಸ್ಪೀಕರಿನ ಕಾಗದ ಹರಿದಿದೆ, ಬಿಚ್ಚಿ ನೋಡಿ” ಅಂದಿದ್ದ. ಬಿಚ್ಚಿ ನೋಡಿದರೆ ಉಗುರಿನಷ್ಟು ಹರಿದಿತ್ತು. ಸೂಜಿ ಬಿದ್ದರೂ ಕೇಳುವ ಕಿವಿ ಅಂತ ಅವತ್ತು ಯಾರೋ ಅಂದಿದ್ದು ಹಾಗೇ ಅಂಟಿಕೊಂಡಿತು. ಅವನಿಗೂ ಆ ಹೆಸರೆಂದರೆ ಒಳಗೊಳಗೇ ಖುಷಿ. ಮೀಟರು ಹಿಡಿದು ಅಳೆಯುವ ಹುಡುಗರನ್ನು ಕಂಡರೆ ಒಂಥರಾ ತಾತ್ಸಾರ. “ಮೀಟರು ಹೇಳೋದನ್ನ ನನ್ನ ಕಿವಿ ಮೊದಲೇ ಹೇಳಿರುತ್ತೆ” ಅನ್ನುತ್ತಿದ್ದ. ಹಾಗೆ ಅಂದಾಗಲೆಲ್ಲ ಪಕ್ಕದ ಜೆರಾಕ್ಸ್ ಅಂಗಡಿಯವರು, ನಡುವಿನ ಪ್ಲೈವುಡ್ ಹಲಗೆಯ ಆಚೆಯಿಂದಲೇ, “ಹೌದಪ್ಪಾ ಹೌದು” ಅಂತ ಹೂಂಗುಟ್ಟುತ್ತಿದ್ದರು.

ಅಂಗಡಿ ಇಕ್ಕಟ್ಟು. ಒಂದು ಗೋಡೆಗೆ ಬೆನ್ನು ತಿರುಗಿಸಿ ಕೂತ ಹಳೇ ಸೆಟ್ಟುಗಳು, ಸುಟ್ಟು ಸುಟ್ಟು ಕಪ್ಪಾದ ಮೇಜು, ಬೆಸುಗೆಯ ಹೊಗೆ, ಗಿರಾಕಿಗೆಂದು ಒಂದೇ ಒಂದು ಸ್ಟೂಲು. ಇತ್ತೀಚೆಗೆ ರೇಡಿಯೋ ತರುವವರು ಕಡಿಮೆಯಾಗಿ, ಕಂಪ್ಯೂಟರಿನಿಂದ ಮನೆಯ ಸೆಟ್ಟಿಗೆ ಹಾಡು ಕೊಡುವುದು ಹೇಗೆ ಅಂತ ಕೇಳಿಕೊಂಡು ಬರುವವರೇ ಹೆಚ್ಚಾಗಿದ್ದರು. ಅದೇನೂ ದೊಡ್ಡ ವಿದ್ಯೆಯಲ್ಲ, ಒಂದು ವೈರು ಈ ಕಡೆ ಒಂದು ವೈರು ಆ ಕಡೆ ಅಂತ ಅವನು ತಿಳಿದಿದ್ದ.

ಮನೆಯಲ್ಲೂ ಹಾಗೇ ಮಾಡಿಕೊಂಡಿದ್ದ. ಮೊದಲು ಕ್ಯಾಸೆಟ್ಟು, ಡಿಸ್ಕು ಹಾಕಿಕೊಂಡು ಸಂಜೆ ಹೊತ್ತು ಅವನೂ ಹೆಂಡತಿಯೂ ಮುಂದಿನ ಕೋಣೆಯಲ್ಲಿ ಕೂತು ಹಾಡು ಕೇಳುವುದಿತ್ತು. ಅವಳು ಶಾಲೆ ಮಕ್ಕಳ ಯೂನಿಫಾರ್ಮಿನ ಅಂಚು ಹೊಲಿಯುತ್ತಾ ಕೂತಿರುವಳು. ಮಧ್ಯೆ ಮಧ್ಯೆ ಒಂದು ಸಾಲು ಗುನುಗುವಳು. ಡಿಸ್ಕಿನ ಯಂತ್ರ ಕೆಟ್ಟಮೇಲೆ ಅವನು ಒಂದು ಹಳೇ ಕಂಪ್ಯೂಟರ್ ತಂದು, ಅದರ ಬೆನ್ನಿನಿಂದ ವೈರು ಎಳೆದು ತಾನೇ ಕಟ್ಟಿದ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಎಷ್ಟು ಹಾಡು ಬೇಕೋ ಅಷ್ಟು. ಆದರೆ ಅವತ್ತಿನಿಂದ ಹೆಂಡತಿ ಹೊಲಿಗೆ ಎತ್ತಿಕೊಂಡು ಹಿತ್ತಿಲ ಕಡೆಯ ಮೆಟ್ಟಿಲಿಗೆ ಹೋಗಿಬಿಡುತ್ತಿದ್ದಳು. ಕೇಳಿದರೆ “ಅಲ್ಲಿ ಬೆಳಕು ಚೆನ್ನಾಗಿದೆ” ಅನ್ನುವಳು, ಇಲ್ಲವೆಂದರೆ “ತಲೆನೋವು” ಅನ್ನುವಳು. ಅವನಿಗೆ ಕಸಿವಿಸಿ. ಇಷ್ಟು ಕಷ್ಟಪಟ್ಟು ಕಟ್ಟಿದ್ದು ಯಾರಿಗಾಗಿ? ಒಮ್ಮೆ ನಾದಿನಿಯ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರೆದುರು ಅಂದೇಬಿಟ್ಟ: “ನಮ್ಮನೇಲಿ ಹಾಡಿಗಿಂತ ಕುಕ್ಕರ್ ಸೀಟಿಗೆ ಬೆಲೆ ಜಾಸ್ತಿ. ಏನ್ ಮಾಡೋದು, ಎಲ್ಲರಿಗೂ ಕಿವಿ ಕೊಟ್ಟ ದೇವರು ರುಚಿ ಕೊಡಬೇಕಲ್ಲ.” ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಹೀಗಿರುವಾಗ ಒಂದು ದಿನ ಅಂಗಡಿಗೆ ಮಿಸ್ ಬಂದರು. ಮನೆಯ ಮುಂದಿನ ಕೋಣೆಯಲ್ಲೇ ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಆಟ, ಹಾಡು ಕಲಿಸುವ ಹೆಂಗಸು. ತೀರಾ ಮೆತ್ತಗಿನ ಮಾತು. ಎದುರಿಗಿದ್ದವರು ಸ್ವಲ್ಪ ಬಗ್ಗಿ ಕೇಳಬೇಕು. ಲ್ಯಾಪ್‌ಟಾಪು, ಮನೆಯ ಚಿಕ್ಕ ಆಂಪ್ಲಿಫೈಯರು, ಒಂದು ಸ್ಪೀಕರು, ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಬಂದಿದ್ದರು.

“ಹಾಡಿನ ಹಿಂದೆ ಸಣ್ಣದೊಂದು ಸದ್ದು ಬರುತ್ತೆ” ಅಂದರು. “ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ. ಮೌಸ್ ಅಲ್ಲಾಡಿಸಿದರೆ ಸದ್ದೂ ಅಲ್ಲಾಡುತ್ತೆ.”

ಅವನು ಎಲ್ಲ ಜೋಡಿಸಿ ಹಾಡು ಹಾಕಿದ. ಚೆನ್ನಾಗಿಯೇ ಬಂತು. ಮಿಸ್ ಕೂಡ ಕಿವಿಗೊಟ್ಟು, “ಇಲ್ಲಿ ಬರ್ತಿಲ್ಲ. ಮನೇಲಿ ಬರುತ್ತೆ” ಅಂದರು. ವೈರು ಹಳೆಯದಾಗಿದೆ, ಎರಡನ್ನೂ ಒಂದೇ ಸ್ವಿಚ್‌ಬೋರ್ಡಿಗೆ ಹಾಕಿ ಅಂತ ಹೇಳಿ, ಹೊಸ ವೈರು ಕೊಟ್ಟು ಕಳಿಸಿದ.

ಆ ವಾರದಲ್ಲೇ ಮತ್ತೆ ಬಂದರು. ಈ ಸಲ ಲ್ಯಾಪ್‌ಟಾಪಿನ ಬ್ಯಾಟರಿ ಇಳಿದಿದ್ದರಿಂದ ಚಾರ್ಜರನ್ನೂ ತಂದು ಗೋಡೆಗೆ ಸಿಕ್ಕಿಸಿದ್ದರು. ಸೆಟ್ಟು ಹಚ್ಚಿದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು. “ಇಗೋ. ಇದೇ.”

ಸೂಜಿಕಿವಿ ಹಾಡು ನಿಲ್ಲಿಸಿದ. ಆಂಪ್ಲಿಫೈಯರಿನ ದನಿ ಏರಿಸಿದ. ಸ್ಪೀಕರಿಗೆ ಕಿವಿ ಅಂಟಿಸಿ ಕಣ್ಣು ಮುಚ್ಚಿಕೊಂಡ. ಫ್ಯಾನಿನ ಗಾಳಿ ಕೇಳಿತು, ಬೀದಿಯ ಮೋಟಾರು ಕೇಳಿತು, ಜೆರಾಕ್ಸ್ ಯಂತ್ರ ಕಾಗದ ಎಳೆಯುವುದು ಕೇಳಿತು. ಸ್ಪೀಕರಿನಿಂದ ಏನೂ ಇಲ್ಲ.

“ಏನೂ ಇಲ್ವಲ್ಲ ಮಿಸ್.”

“ಇದೆ. ಈಗ ಮೌಸ್ ಅಲ್ಲಾಡಿಸ್ತೀನಿ ನೋಡಿ… ಕೇಳಿಸ್ತಾ?”

ಅಷ್ಟು ಹೊತ್ತಿಗೆ ಜೆರಾಕ್ಸಿನವರು ಬಂದು ಬಾಗಿಲಿಗೆ ಒರಗಿದ್ದರು. ಮಿಕ್ಸರ್ ತೆಗೆದುಕೊಂಡು ಹೋಗಲು ಬಂದ ಇನ್ನಿಬ್ಬರು ಗಿರಾಕಿಗಳೂ ಇದ್ದರು. ಜೆರಾಕ್ಸಿನವರು ತಾವೂ ಕಿವಿ ಇಟ್ಟು, “ನನಗೂ ಇಲ್ಲಪ್ಪ” ಅಂದರು. ದಿನವಿಡೀ ಯಂತ್ರದ ಪಕ್ಕ ನಿಂತವರ ಮಾತನ್ನು ಸಾಕ್ಷಿಯಾಗಿ ಹಿಡಿಯಬಾರದು ಅಂತ ಅವನಿಗೆ ಹೊಳೆಯಲಿಲ್ಲ. ಎಲ್ಲರೂ ತನ್ನ ಮುಖ ನೋಡುತ್ತಿದ್ದಾರೆ ಅನ್ನುವುದಷ್ಟೇ ತಲೆಯಲ್ಲಿತ್ತು.

“ಮಿಸ್, ಬೇಜಾರು ಮಾಡ್ಕೋಬೇಡಿ. ಸದ್ದು ಸೆಟ್ಟಿನಲ್ಲಿಲ್ಲ, ನಿಮ್ಮ ಕಿವಿಯಲ್ಲಿದೆ. ಇಡೀ ದಿನ ಮಕ್ಕಳ ಕಿರುಚಾಟ ಕೇಳಿ ಕೇಳಿ ಹಾಗಾಗುತ್ತೆ. ನಾನು ಸ್ಪೀಕರ್ ರಿಪೇರಿ ಮಾಡ್ತೀನಿ, ಕಿವಿ ರಿಪೇರಿಗೆ ಡಾಕ್ಟರೇ ಆಗಬೇಕು.”

ಜೆರಾಕ್ಸಿನವರು ಗೊಳ್ಳೆಂದು ನಕ್ಕರು. ಉಳಿದಿಬ್ಬರೂ ಸೇರಿಕೊಂಡರು. ಮಿಸ್ ಕುತ್ತಿಗೆಯಿಂದ ಮೇಲೆ ಕೆಂಪೇರಿದ ಮುಖವನ್ನು ಚೀಲದೊಳಗೆ ಬಗ್ಗಿಸಿ, ಕೈಗೆ ಸಿಕ್ಕಿದ ವೈರುಗಳನ್ನೆಲ್ಲ ತುರುಕಿಕೊಂಡು ಹೊರಟುಹೋದರು. ಅವಸರದಲ್ಲಿ ಗೋಡೆಗೆ ಸಿಕ್ಕಿಸಿದ್ದ ಚಾರ್ಜರು ಅಲ್ಲೇ ಉಳಿಯಿತು.

ಸಂಜೆ ಅಂಗಡಿ ಮುಚ್ಚುವಾಗ ಅದು ಅವನ ಕಣ್ಣಿಗೆ ಬಿತ್ತು. ಕೊಟ್ಟುಬಂದರಾಯಿತು ಅಂತ ಮಾರನೇ ಬೆಳಿಗ್ಗೆ ವಿಳಾಸ ಕೇಳಿಕೊಂಡು ಹೋದ. ದಾರಿಯಲ್ಲಿ ಸ್ವಲ್ಪ ಕನಿಕರವೂ ಇತ್ತು. ಪಾಪ, ನಾಲ್ಕು ಜನರ ಮುಂದೆ ಹಾಗನ್ನಬಾರದಿತ್ತು, ಆದರೂ ನಿಜ ಹೇಳಲೇಬೇಕಲ್ಲ ಅಂದುಕೊಂಡ.

ಮಿಸ್ ಮನೆಯ ಮುಂದಿನ ಕೋಣೆಯಲ್ಲಿ ಹತ್ತಾರು ಮಕ್ಕಳು ಹಾಡಿಗೆ ಕುಣಿಯುತ್ತಿದ್ದವು. ಲ್ಯಾಪ್‌ಟಾಪು ಇದ್ದಷ್ಟು ಬ್ಯಾಟರಿಯಲ್ಲಿ ಓಡುತ್ತಿತ್ತು. ಚಾರ್ಜರ್ ಕೊಡುತ್ತಾ ಅವನು ಕೋಣೆಯೊಳಗೆ ಇಣುಕಿದ. “ನೋಡಿ ಮಿಸ್, ಮಕ್ಕಳು ಎಷ್ಟು ಚೆನ್ನಾಗಿ ಕುಣೀತಿದ್ದಾವೆ. ಸದ್ದಿದ್ದಿದ್ರೆ ಕುಣೀತಿದ್ವಾ?”

ಮಿಸ್ ಚಾರ್ಜರ್ ತೆಗೆದುಕೊಂಡು ಒಂದು ತುದಿಯನ್ನು ಲ್ಯಾಪ್‌ಟಾಪಿಗೆ, ಇನ್ನೊಂದನ್ನು ಗೋಡೆಗೆ ಸಿಕ್ಕಿಸಿದರು. ವಾದಕ್ಕೆ ಅಂತ ಮಾಡಿದ್ದಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿತ್ತು, ಅಷ್ಟೇ.

ಕುಣಿಯುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ನಿಂತುಬಿಟ್ಟವು. ಒಬ್ಬಳು ಎರಡೂ ಅಂಗೈಯನ್ನು ಕಿವಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಇನ್ನೊಂದು. “ಮಿಸ್, ಸೊಳ್ಳೆ ಬಂತು” ಅಂತ ಒಂದು ಮಗು ರಾಗ ಎಳೆಯಿತು. ದಿನದ ಅಭ್ಯಾಸದ ಹಾಗೆ, ಯಾವ ಬೆರಗೂ ಇಲ್ಲದೆ.

ಸೂಜಿಕಿವಿ ಹೊಸ್ತಿಲಲ್ಲೇ ನಿಂತಿದ್ದ. ಅವನಿಗೆ ಹಾಡು ಕೇಳುತ್ತಿತ್ತು. ಹಾಡಿನ ಜೊತೆಗೆ ಇನ್ನೇನೂ ಕೇಳುತ್ತಿರಲಿಲ್ಲ. ಇಷ್ಟು ಮಕ್ಕಳು ಸೇರಿಕೊಂಡು ಸುಳ್ಳು ಹೇಳಲಾರವು. ಉತ್ತರ ಗೊತ್ತಿತ್ತು, ಆದರೆ ಅದನ್ನು ಒಳಕ್ಕೆ ಬಿಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಎಲ್ಲರೂ ಅವನ ಕಡೆ ನೋಡುತ್ತಿರುವಂತೆ ಅನ್ನಿಸಿ, ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

“ಹಾಂ, ಈಗ ಕೇಳಿಸ್ತು. ಹೌದು ಹೌದು. ಸಣ್ಣಗೆ ಬರ್ತಿದೆ. ನಿನ್ನೆ ಅಂಗಡೀಲಿ ಗಲಾಟೆ ಇತ್ತು ನೋಡಿ, ಅದಕ್ಕೇ ಗೊತ್ತಾಗಲಿಲ್ಲ.”

ಮಿಸ್ ಅವನನ್ನೇ ನೋಡಿದರು. ಕಿವಿ ಮುಚ್ಚಿಕೊಂಡಿದ್ದ ಮಕ್ಕಳು ಕೈ ಇಳಿಸಿದ್ದವು. ಒಬ್ಬಳು ಹುಡುಗಿ ಅವನ ಪ್ಯಾಂಟು ಜಗ್ಗಿ ಹೇಳಿದಳು: “ತಾತ, ಈಗ ಇಲ್ವಲ್ಲ. ಮಿಸ್ ತೆಗೆದುಬಿಟ್ರು.”

ಆಗ ನೋಡಿದ. ಚಾರ್ಜರಿನ ತುದಿ ಮಿಸ್ ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಕಿತ್ತಿದ್ದರು. ಇಲ್ಲದ ಸದ್ದನ್ನು ಕೇಳಿಸಿತು ಅಂದಿದ್ದ.

“ಸುಮ್ನಿರು ಪುಟ್ಟಾ” ಅಂದರು ಮಿಸ್ ಮಗುವಿಗೆ. ಆಮೇಲೆ ಅವನಿಗೆ, “ನೀರು ಕುಡೀತೀರಾ?”

ಅವರು ನಕ್ಕಿದ್ದರೆ ಚೆನ್ನಾಗಿತ್ತು. ನಿನ್ನೆಯ ಮಾತನ್ನು ಅವನ ಮುಖಕ್ಕೇ ತಿರುಗಿಸಿ ಎಸೆದಿದ್ದರೂ ಚೆನ್ನಾಗಿತ್ತು. ನೀರು ಬೇಡ ಅಂತ ತಲೆಯಾಡಿಸಿ, “ನೋಡ್ತೀನಿ, ಏನಾದ್ರೂ ಮಾಡ್ತೀನಿ” ಅಂತ ಗೊಣಗಿ ಅವನು ಚಪ್ಪಲಿ ಮೆಟ್ಟಿಕೊಂಡ. ಗಡಿಬಿಡಿಯಲ್ಲಿ ಎಡಬಲ ತಪ್ಪಿತು. ಹಿಂದಿನಿಂದ ಮಕ್ಕಳ ಕಿಲಕಿಲ ಕೇಳಿತು. ಅದು ಚಪ್ಪಲಿಗೋ ಇನ್ಯಾವುದಕ್ಕೋ ಅಂತ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಂಗಡಿಗೆ ಹೋಗದೆ ನೇರ ಮನೆಗೆ ಬಂದ. ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನು ಕಂಪ್ಯೂಟರ್ ಹಚ್ಚಿ, ಆಂಪ್ಲಿಫೈಯರ್ ಹಚ್ಚಿ, ಹಾಡು ಹಾಕದೆ ಸುಮ್ಮನೆ ದನಿ ಏರಿಸಿ, ಅವಳನ್ನು ಕರೆದ.

“ಇದರಲ್ಲಿ ಏನಾದ್ರೂ ಸದ್ದು ಬರ್ತಿದ್ಯಾ?”

ಅವಳು ಬಾಗಿಲಲ್ಲೇ ನಿಂತಳು. “ಯಾಕ್ರೀ, ಏನಾಯ್ತು?”

“ಬರ್ತಿದ್ಯಾ ಇಲ್ವಾ ಹೇಳು.”

“ಬರ್ತಿದೆ.”

“ಯಾವತ್ತಿಂದ?”

ಅವಳು ಸೆರಗಿನ ತುದಿಯಲ್ಲಿ ಬೆರಳು ಸುತ್ತಿಕೊಂಡಳು. “ಕಂಪ್ಯೂಟರ್ ತಂದಾಗಿನಿಂದ.”

“ಮತ್ತೆ ಹೇಳೋದಲ್ವಾ?”

“ಹೇಳಿದ್ದೆ. ಮೊದಲನೇ ವಾರದಲ್ಲೇ. ಏನೋ ಕೀಯ್ ಅನ್ನುತ್ತೆ ನೋಡ್ರೀ ಅಂದೆ. ಸೂಜಿಕಿವಿ ಮನೇಲಿ ಕೂತ್ಕೊಂಡು ನಂಗೇ ಸದ್ದು ಹೇಳಿಕೊಡ್ತೀಯಾ ಅಂದ್ರಿ. ಅವತ್ತು ನಮ್ಮಣ್ಣನೂ ಇದ್ದ.” ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. “ಆಮೇಲೆ ನಿಮಗೆ ಕೇಳಿಸ್ತಾನೇ ಇಲ್ಲ ಅಂತ ಗೊತ್ತಾಯ್ತು. ಸಣ್ಣ ಸ್ವರ ಏರಿಸೋ ಟ್ರೆಬಲ್ ತಿರುಪು ನಿಮ್ಮ ಕೈಲಿ ದಿನಾ ಚೂರು ಚೂರು ಬಲಕ್ಕೆ ಹೋಗ್ತಿತ್ತು. ಹಾಡೆಲ್ಲ ಕಿವಿಗೆ ಚುಚ್ಚೋ ಹಾಗಾಯ್ತು. ಹೇಳಿದ್ರೆ ನಿಮಗೆ ಹೇಗಾಗುತ್ತೋ ಅಂತ… ಹಿತ್ತಿಲಿಗೆ ಹೋಗಿ ಕೂತರೆ ಮುಗೀತಲ್ಲ ಅಂದ್ಕೊಂಡೆ.”

ಅವನು ಕುರ್ಚಿಯಲ್ಲಿ ಕೂತುಬಿಟ್ಟ. ನಾದಿನಿಯ ಮನೆಯ ಊಟದ ಮಾತು ನೆನಪಾಯಿತು. ಎಲ್ಲರ ಜೊತೆ ನಕ್ಕು, ಪಾತ್ರೆ ಎತ್ತಿಕೊಂಡು ಒಳಗೆ ಹೋದ ಬೆನ್ನು ನೆನಪಾಯಿತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗಬಹುದಿತ್ತು.

“ಇನ್ನೂ ಒಂದಿದೆ” ಅಂದಳು ಅವಳು, ಈಗ ತಾನೂ ತಲೆ ತಗ್ಗಿಸಿ. “ರೈಲ್ವೆ ಗಾರ್ಡು ಇದ್ದಾರಲ್ಲ, ರಿಟೈರಾದವರು. ನಿಮ್ಮ ಹತ್ರ ಎರಡು ಸಲ ಕಂಪ್ಯೂಟರಿಗೆ ಸೇರಿಸಿದ ಸೆಟ್ಟು ತಂದಿದ್ರು. ತರಕಾರಿ ಅಂಗಡಿ ಹತ್ರ ಸಿಕ್ಕಾಗ ನನ್ನ ಕೇಳಿದ್ರು. ಅಮ್ಮಾ, ಇನ್ನೂ ಕೀಯ್ ಅನ್ನುತ್ತೆ, ಅವರು ಏನೂ ಇಲ್ಲ ಅಂತಾರೆ, ಏನ್ಮಾಡ್ಲಿ ಅಂತ. ನಾನು… ವಯಸ್ಸಾದ ಮೇಲೆ ಕಿವಿಯಲ್ಲಿ ಹಾಗೆ ಆಗುತ್ತೆ ಅಂದುಬಿಟ್ಟೆ. ನಿಮ್ಮನ್ನ ಬಿಟ್ಟುಕೊಡೋಕಾಗಲಿಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ಪೀಕರಿನಿಂದ ಅವನಿಗೆ ಕೇಳದ ಸದ್ದು ಬರುತ್ತಲೇ ಇತ್ತೇನೋ. ಅವಳೇ ಹೋಗಿ ಸ್ವಿಚ್ಚು ಆರಿಸಿದಳು.

ಹೆಂಡತಿಯ ಬಲವಂತಕ್ಕೆ ಕಿವಿಯ ಪರೀಕ್ಷೆಗೂ ಹೋದ. ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸ್ವರ ಕೇಳಿದಾಗಲೆಲ್ಲ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡುವ ಹೆಣ್ಣುಮಗಳು ಕೂತಿದ್ದಳು. ಮೊದಮೊದಲು ಸಲೀಸು, ದಪ್ಪ ಸ್ವರಗಳೆಲ್ಲ ಚೆನ್ನಾಗಿ ಕೇಳಿದವು. ಬರುಬರುತ್ತಾ ಸ್ವರ ಸಣ್ಣದಾಯಿತು. ಆಮೇಲೆ ಏನೂ ಇಲ್ಲ. ಏನೂ ಇಲ್ಲದೆ ಕೂತಿರುವುದು ಎಷ್ಟು ಹೊತ್ತು? ಆಚೆ ಅವಳ ಭುಜ ಅಲ್ಲಾಡುವುದು ಗಾಜಿನಲ್ಲಿ ಕಾಣುತ್ತಿತ್ತು. ಭುಜ ಅಲ್ಲಾಡಿದಾಗಲೆಲ್ಲ ಅವನು ಗುಂಡಿ ಒತ್ತತೊಡಗಿದ. ಶಾಲೆಯಲ್ಲಿ ಪಕ್ಕದವನ ಉತ್ತರ ಕದಿಯುವ ಹುಡುಗನಂತೆ ಬೆವರುತ್ತಾ ಒತ್ತಿದ.

ಅವಳು ಬಾಗಿಲು ತೆರೆದು ಒಳಗೆ ಬಂದಳು. “ಸರ್, ನಾನು ಸ್ವರ ಕೊಡದೇ ಇದ್ದಾಗಲೂ ಒತ್ತುತ್ತಿದ್ದೀರಿ. ನೀರಿನ ಬಾಟಲಿ ತಗೊಂಡಾಗಲೂ ಒತ್ತಿದ್ರಿ” ಅಂದಳು. ದನಿಯಲ್ಲಿ ಗದರಿಕೆಯಿರಲಿಲ್ಲ. “ಕೇಳಿಸದೇ ಇದ್ರೆ ಸುಮ್ನೆ ಕೂತಿರಿ. ಅದೂ ಉತ್ತರಾನೇ.” ಆಮೇಲೆ ಅವಳೇ ಕುರ್ಚಿಯನ್ನು ಗೋಡೆ ಕಡೆಗೆ ತಿರುಗಿಸಿದಳು.

ಗೋಡೆ ನೋಡಿಕೊಂಡು ಅವನು ಸುಮ್ಮನೆ ಕೂತ. ಪರೀಕ್ಷೆಯ ಉಳಿದರ್ಧ ಹಾಗೇ ಮುಗಿಯಿತು. ಸಣ್ಣ ಸ್ವರಗಳು ಹೋಗಿವೆ, ಈಗ ಹೋದದ್ದಲ್ಲ, ಹಲವು ವರ್ಷಗಳಿಂದ ನಿಧಾನವಾಗಿ ಹೋಗಿವೆ, ವಾಪಸು ಬರುವುದಿಲ್ಲ ಅಂತ ಅವಳು ವಿವರಿಸಿದಳು. ಸಾರ್ವಜನಿಕ ಸಭೆಗಳ ದೊಡ್ಡ ಸ್ಪೀಕರುಗಳ ಬಾಯಿಗೆ ತಲೆಯೊಡ್ಡಿ ಪರೀಕ್ಷಿಸುತ್ತಿದ್ದ ವರ್ಷಗಳು ಅವನ ಕಣ್ಮುಂದೆ ಬಂದವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಅವನ ಮುಖ ನೋಡಿ ಎದ್ದು ಜೊತೆಗೆ ನಡೆದಳು.

ಸದ್ದು ಎಲ್ಲಿಂದ ಬರುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಕಂಪ್ಯೂಟರಿನ ಒಳಗೆ ಕರೆಂಟು ಕ್ಷಣಕ್ಕೆ ಲಕ್ಷಾಂತರ ಸಲ ಹತ್ತಿ ಆರುತ್ತಿರುತ್ತದೆ. ಆ ಗದ್ದಲದ ಧೂಳು ಹಾಡಿನ ವೈರಿನ ಜೊತೆಗೇ ಆಂಪ್ಲಿಫೈಯರಿಗೆ ದಾಟುತ್ತದೆ. ಮಿಸ್ ಮನೆಯಲ್ಲಿ ಚಾರ್ಜರು ಗೋಡೆಗೆ ಸೇರಿದಾಗ ಮಾತ್ರ ದಾರಿ ತೆರೆಯುತ್ತಿತ್ತು. ಅವನ ಮನೆಯ ಕಂಪ್ಯೂಟರಿಗೆ ಬ್ಯಾಟರಿಯೇ ಇಲ್ಲ, ದಾರಿ ಸದಾ ತೆರೆದಿತ್ತು. ವಿದ್ಯೆ ಇತ್ತು, ಬಳಸಬೇಕು ಅಂತ ತಿಳಿಸುವ ಕಿವಿಯೇ ಇರಲಿಲ್ಲ.

ಭಾನುವಾರ ಇಬ್ಬರೂ ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಕೂತರು. ಅವಳು ಸ್ಪೀಕರಿನೆದುರು ನೆಲದ ಮೇಲೆ, ಅವನು ಮೇಜಿನ ಹಿಂದೆ ವೈರುಗಳ ನಡುವೆ. ಸದ್ದು ಎಷ್ಟಿದೆ ಅಂತ ಅವಳು ಕೈ ಎತ್ತಿ ತೋರಿಸಬೇಕು.

“ಈಗ?”

ಕೈ ಭುಜದ ಎತ್ತರದಲ್ಲಿತ್ತು. ಇಂಟರ್ನೆಟ್ಟಿನ ಡಬ್ಬಿಯನ್ನು ದೂರ ಸರಿಸಿದ. ಕೈ ಕೊಂಚ ಇಳಿಯಿತು. ಕಂಪ್ಯೂಟರಿನಲ್ಲಿ ದನಿಯನ್ನು ಪೂರ್ತಿ ಏರಿಸಿ, ಆಂಪ್ಲಿಫೈಯರಿನಲ್ಲಿ ಇಳಿಸಿದ. ಹಾಡು ಅಷ್ಟೇ ಇದ್ದು ಕೈ ಮಾತ್ರ ಇನ್ನಷ್ಟು ಇಳಿಯಿತು. ಎರಡನ್ನೂ ಒಂದೇ ಬೋರ್ಡಿಗೆ ಹಾಕಿದ, ಉದ್ದದ ವೈರು ಕಿತ್ತು ಗಿಡ್ಡದ್ದು ಹಾಕಿದ. ಕೈ ಮೊಣಕಾಲಿಗೆ ಬಂತು. ಅಲ್ಲಿಗೆ ನಿಂತುಬಿಟ್ಟಿತು.

ಕೊನೆಗೆ ಒಂದು ಚಿಕ್ಕ ಡಬ್ಬಿಯಲ್ಲಿ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳನ್ನು ಕೂರಿಸಿ ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ನಡುವೆ ಸೇರಿಸಿದ. ಅದರಲ್ಲಿ ಈ ಕಡೆಯ ತಂತಿಗೂ ಆ ಕಡೆಯ ತಂತಿಗೂ ಸಂಬಂಧವೇ ಇಲ್ಲ. ಹಾಡು ಮಾತ್ರ ಆಚೆಗೆ ದಾಟುತ್ತದೆ, ಧೂಳಿಗೆ ಸೇತುವೆ ಇಲ್ಲ.

ಅವಳು ಕೈಯನ್ನು ನೆಲಕ್ಕೆ ಇಟ್ಟಳು. ಸ್ವಲ್ಪ ಹೊತ್ತು ಕಿವಿಗೊಟ್ಟಳು. “ಹೋಯ್ತು” ಅಂದಳು.

ಅವನಿಗೆ ಮೊದಲೂ ಒಂದೇ, ಈಗಲೂ ಒಂದೇ. ತಾನು ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಇನ್ನೊಬ್ಬರು ಹೇಳಿ ತಿಳಿಯಬೇಕಾಗಿ ಬಂದಿದ್ದು ಜೀವನದಲ್ಲಿ ಅದೇ ಮೊದಲು. ಅವಳು ಎದ್ದು ಟ್ರೆಬಲ್ ತಿರುಪನ್ನು ಬಲತುದಿಯಿಂದ ನಡುವಿಗೆ ತಂದು ಹಾಡು ಹಾಕಿದಳು. “ಈಗ ಎಷ್ಟು ಚೆನ್ನಾಗಿದೆ” ಅಂದಳು. ಅವನಿಗದು ಕಂಬಳಿ ಹೊದ್ದುಕೊಂಡು ಯಾರೋ ಹಾಡಿದಂತಿತ್ತು. “ಹೂಂ, ಚೆನ್ನಾಗಿದೆ” ಅಂದ. ಮತ್ತೆ ಸುಳ್ಳಾಯಿತಲ್ಲ ಅನ್ನಿಸಿ, “ನಂಗೆ ಮಂಕಾಗಿ ಕೇಳುತ್ತೆ. ಆದ್ರೆ ಇರಲಿ” ಅಂತ ಸೇರಿಸಿದ. ಅವಳು ತಿರುಪನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿಸಿ ಬಿಟ್ಟಳು.

ಅಂಥದೇ ಇನ್ನೊಂದು ಡಬ್ಬಿ ಮಾಡಿಕೊಂಡು ಇಬ್ಬರೂ ಮಿಸ್ ಮನೆಗೆ ಹೋದರು. ಮಕ್ಕಳು ಹೋದಮೇಲಿನ ಹೊತ್ತು ನೋಡಿಕೊಂಡೇ ಹೋಗಿದ್ದರು. ಆ ಹುಡುಗಿಯ ಕಣ್ಣೆದುರು ನಿಲ್ಲುವುದು ಅವನಿಂದಾಗುತ್ತಿರಲಿಲ್ಲ. ಡಬ್ಬಿ ಸೇರಿಸಿ, ಚಾರ್ಜರ್ ಹಾಕಿ, ಮಿಸ್ ಮೌಸ್ ಅಲ್ಲಾಡಿಸಿ ನೋಡಿದರು. ಹೆಂಡತಿಯ ಕಡೆ ನೋಡಿದರು. ಇಬ್ಬರು ಹೆಂಗಸರೂ ಸದ್ದಿಲ್ಲ ಅಂತ ತಲೆಯಾಡಿಸಿದರು.

“ಮಿಸ್, ಅವತ್ತು ನಿಮ್ಮ ಮನೇಲಿ ಕೇಳಿಸ್ತು ಅಂದೆನಲ್ಲ, ಅದು ಸುಳ್ಳು” ಅಂದ ಅವನು. “ಅಂಗಡೀಲಿ ಅಂದದ್ದು ಅದಕ್ಕಿಂತ ಕೆಟ್ಟದ್ದು. ನನಗೇ ಕೇಳಿಸ್ತಿಲ್ಲ. ತಪ್ಪಾಯ್ತು.”

“ಪರವಾಗಿಲ್ಲ ಬಿಡಿ” ಅಂದರು ಮಿಸ್. ಲ್ಯಾಪ್‌ಟಾಪು ಮುಚ್ಚುತ್ತಾ ಅವರೇ ಮಾತು ಮುಂದುವರಿಸಿದರು. “ಪರವಾಗಿಲ್ಲ ಅಂದ್ರೆ… ಜೆರಾಕ್ಸ್ ಮಾಡಿಸೋಕೆ ಆ ಕಡೆ ಬಂದ್ರೆ, ಕಿವಿ ಹೇಗಿದೆ ಮಿಸ್ ಅಂತ ಅವರು ಕೇಳ್ತಾರೆ. ಬೇರೆ ಬೀದಿಗೆ ಹೋಗ್ತಿದ್ದೀನಿ ಈಗ.”

ಮಾರನೇ ದಿನ ಅವನು ಜೆರಾಕ್ಸ್ ಅಂಗಡಿಗೆ ಹೋಗಿ, ಗಿರಾಕಿಗಳು ಇರುವಾಗಲೇ, “ಆ ಮಿಸ್ಸಿನ ಕಿವಿ ಸರಿಯಾಗಿದೆ. ಹೋಗಿರೋದು ನಂದು. ಪರೀಕ್ಷೆ ಮಾಡಿಸಿ ಬಂದೆ. ಇನ್ನು ಅವರನ್ನ ಆಡಿಕೋಬೇಡಿ” ಅಂದ. ಜೆರಾಕ್ಸಿನವರು ತಮಾಷೆ ಅಂದುಕೊಂಡು ನಕ್ಕರು. ಅವನು ನಗದೆ ನಿಂತೇ ಇದ್ದ. ಅವರು ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಕಾಗದ ಜೋಡಿಸುವ ಕೆಲಸಕ್ಕೆ ಕೈ ಹಾಕಿದರು. “ನನಗೂ ಕೇಳಿಸಲಿಲ್ವಲ್ಲ ಅವತ್ತು” ಅಂತ ತಮ್ಮಷ್ಟಕ್ಕೇ ಅಂದುಕೊಂಡರು.

ರೈಲ್ವೆ ಗಾರ್ಡಿನ ಮನೆಗೆ ಹೋಗುವುದನ್ನು ಮಾತ್ರ ಇಬ್ಬರೂ ಮುಂದೂಡುತ್ತಾ ಬಂದರು. ಇವತ್ತು ಬಿಸಿಲು, ನಾಳೆ ಕೆಲಸ. ಕೊನೆಗೆ ಅವಳೇ ಒಂದು ಸಂಜೆ ಬಾಗಿಲಿಗೆ ಬೀಗ ಹಾಕಿ, “ನಡೀರಿ” ಅಂದಳು.

ಗಾರ್ಡು ಜಗುಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎದ್ದು ಕುರ್ಚಿ ಕೊಟ್ಟರು. ಸೊಸೆ ಚಹಾ ತಂದಳು. ಸೂಜಿಕಿವಿ ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದ. ಅವಳೂ ತರಕಾರಿ ಅಂಗಡಿಯ ಮಾತನ್ನು ತಾನೇ ಹೇಳಿಕೊಂಡಳು.

ಗಾರ್ಡು ಕನ್ನಡಕ ತೆಗೆದು ಒರೆಸಿದರು. “ಹಾಗಾದ್ರೆ ಸದ್ದು ಇತ್ತು.”

“ಇತ್ತು ಸಾರ್.”

“ಡಾಕ್ಟರ ಹತ್ರ ಹೋಗಿದ್ದೆ. ಕಿವಿ ಚೆನ್ನಾಗಿದೆ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋದೇ ಅಪರೂಪ ಅಂದ್ರು. ನಾನು ನಂಬಲಿಲ್ಲ.” ಅವರು ಸಣ್ಣಗೆ ನಕ್ಕರು. “ನೀವೇ ಇಲ್ಲ ಅಂದಮೇಲೆ ಡಾಕ್ಟರು ಯಾವ ಲೆಕ್ಕ.”

“ಆ ಸೆಟ್ಟು ಕೊಡಿ ಸಾರ್, ಒಂದು ಡಬ್ಬಿ ಸೇರಿಸಿದರೆ…”

“ಗುಜರಿಯವನಿಗೆ ಕೊಟ್ಟುಬಿಟ್ಟೆ. ಕಿವಿನೇ ಕೆಟ್ಟಮೇಲೆ ಇಟ್ಕೊಂಡು ಏನು ಅಂತ.”

“ಮಾವ ಈಗ ಹಾಡು ಹಾಕೋದೇ ಬಿಟ್ಟಿದ್ದಾರೆ” ಅಂದಳು ಸೊಸೆ, ಲೋಟ ತೆಗೆದುಕೊಳ್ಳುತ್ತಾ. ದೂರಿನ ದನಿಯೇನಲ್ಲ, ಮನೆಯ ಸಂಗತಿ ಹೇಳಿದ ಹಾಗೆ.

ಬೈಗುಳಕ್ಕೆ ಅಂತ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಗಾರ್ಡು ಮಾತು ಬದಲಿಸಿ ಬಿಸಿಲು, ನೀರಿನ ನಲ್ಲಿ ಅಂತ ಮಾತಾಡಿದರು. ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಬೀದಿಯ ತಿರುವು ದಾಟುವಾಗ, “ಬೈದಿದ್ರೆ ಆಗ್ತಿತ್ತು” ಅಂದ ಅವನು. “ನಂಗೂ” ಅಂದಳು ಅವಳು.

ಮುಂದಿನ ತಿಂಗಳು ಅಂಗಡಿಯಲ್ಲಿದ್ದ ಒಳ್ಳೇ ಸಾಮಾನುಗಳಿಂದಲೇ ಅವನು ಒಂದು ಸೆಟ್ಟು ಕಟ್ಟಿ, ಹೆಂಡತಿಗೆ ಕೇಳಿಸಿ ನೋಡಿ, ಗಾರ್ಡಿನ ಮನೆಗೆ ಹೊತ್ತುಕೊಂಡು ಹೋದ. ಅವರು ಬೇಡ ಬೇಡ ಅನ್ನುತ್ತಲೇ ಇಟ್ಟುಕೊಂಡರು. ಅದನ್ನು ಹಾಕುತ್ತಾರೋ ಇಲ್ಲವೋ ಅವನು ಕೇಳಲಿಲ್ಲ. ಕೇಳಿದರೆ ಹಾಕುತ್ತೇನೆ ಅಂತಲೇ ಹೇಳುವ ಮನುಷ್ಯ.

ಅಂಗಡಿ ನಡೆಯುತ್ತಿದೆ. ಕಂಪ್ಯೂಟರಿನ ಕೆಲಸ ಬಂದರೆ, ಸ್ವಿಚ್ಚು ಹಾಕುವ ಮೊದಲು ಅವನು ಗಿರಾಕಿಗೆ ಹೇಳುತ್ತಾನೆ: “ಸಣ್ಣ ಸ್ವರ ನನಗೆ ಕೇಳಿಸಲ್ಲ. ನೀವು ಕೇಳಿ ಹೇಳಿ, ನಾನು ಸರಿ ಮಾಡ್ತೀನಿ. ಅನುಮಾನ ಇದ್ರೆ ಮಧ್ಯಾಹ್ನದ ಮೇಲೆ ಬನ್ನಿ, ನಮ್ಮವಳು ಇರ್ತಾಳೆ.” ಕೆಲವರು ಸರಿ ಅನ್ನುತ್ತಾರೆ. ಕೆಲವರು ಒಂದು ಕ್ಷಣ ಅವನನ್ನು ನೋಡಿ, ಆಮೇಲೆ ಬರ್ತೀನಿ ಅಂತ ಸೆಟ್ಟು ಎತ್ತಿಕೊಂಡು ಹೋಗುತ್ತಾರೆ. ಎಷ್ಟು ಸಲ ಹೇಳಿದರೂ ಆ ಮಾತು ಅವನಿಗೆ ಅಭ್ಯಾಸವಾಗಿಲ್ಲ. ಹೇಳುವಾಗ ಪ್ರತಿ ಸಲ ಮುಖ ಬಿಸಿಯಾಗುತ್ತದೆ. ಕಣ್ಣು ಮೇಜಿನ ಮೇಲಿನ ಸುಟ್ಟ ಕಲೆಗಳ ಕಡೆಗೆ ಹೋಗುತ್ತದೆ. ಆದರೂ ಹೇಳುತ್ತಾನೆ.